ಚಹಾ ಕುಡಿದು ಕೆಡಿಸಿದ ಸಂಶೋಧನೆ

ನಲವತ್ತು ದಾಟಿದ ಮೇಲೆ ಸಂದರ್ಶನಕ್ಕೆ ಕೂರುವುದೆಂದರೆ, ಮಗಳಿಗೆ ವರ ಹುಡುಕುವ ವಯಸ್ಸಿನಲ್ಲಿ ನಾವೇ ಮತ್ತೆ ಕನ್ಯಾ ನೋಡಲು ಬಂದವರೆದುರು ಕೂತ ಹಾಗೆ. ಸೆರಗು ಸರಿಮಾಡಿಕೊಳ್ಳಬೇಕು, ಕೇಳಿದ್ದಕ್ಕಷ್ಟೇ ಉತ್ತರಿಸಬೇಕು, ಒಳಗಿನ ಆಸೆ ಮುಖದ ಮೇಲೆ ಕಾಣದಂತೆ ನೋಡಿಕೊಳ್ಳಬೇಕು. ಈ ಕೊನೆಯದು ನನ್ನ ಕೈಲಿ ಎಂದೂ ಆಗಿಲ್ಲ.

ಮೂಡಲಗಿಯಲ್ಲಿ ನನ್ನದೊಂದು ಸಣ್ಣ ದವಾಖಾನೆ. ಬೆಳಿಗ್ಗೆ ಕುರ್ಚಿಯಲ್ಲಿ ಕೂತೆನೆಂದರೆ ಜ್ವರ, ಕೆಮ್ಮು, ಮೊಣಕಾಲು ನೋವು ಸರದಿಯಂತೆ ಬಂದು ಎದುರಿನ ಸ್ಟೂಲಿನ ಮೇಲೆ ಕೂರುತ್ತವೆ. ಎಲ್ಲರ ನಾಲಿಗೆ ನೋಡಿದ್ದೇನೆ, ಯಾರ ಮನೆಯನ್ನೂ ನೋಡಿಲ್ಲ. ಹೀಗಿರುವಾಗ ಒಂದು ದೊಡ್ಡ ಆಸ್ಪತ್ರೆಯವರು ಕುಟುಂಬ ವೈದ್ಯಕೀಯದಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ಇದ್ದು ಕಲಿಯುವ ಮೇಲಿನ ಓದು, ಶುರು ಮಾಡಿದ್ದಾರೆ, ವಯಸ್ಸಿನ ಅಡ್ಡಿಯಿಲ್ಲ, ಹಳ್ಳಿಗಳ ಮನೆಮನೆಗೆ ಹೋಗುವುದೂ ಅದರ ಪಾಠದಲ್ಲಿದೆ ಎಂದು ತಿಳಿಯಿತು. ಆ ಕೊನೆಯ ಮಾತಿಗೆ ಮರುಳಾಗಿ ಅರ್ಜಿ ಹಾಕಿಬಿಟ್ಟೆ. ಆ ಸೀಟು ನನಗೆ ಬೇಕಿತ್ತು, ಬಹಳ ಬೇಕಿತ್ತು.

ಇಂಥ ಸಂದರ್ಶನಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲವಂತೆ: ಹಿಂದೆ ನೀವು ಮಾಡಿದ ಸಂಶೋಧನೆ ಯಾವುದು? ಈಗಿನ ಹುಡುಗರು ನಾಲ್ಕೈದು ಹೇಳುತ್ತಾರೆ. ನನ್ನದು ಒಂದೇ ಒಂದು. ವೈದ್ಯ ವಿದ್ಯಾರ್ಥಿನಿಯಾಗಿದ್ದಾಗ ತುಕ್ಕಾನಟ್ಟಿಯಲ್ಲಿ ಮಾಡಿದ್ದು. ಹೆಂಗಸರಲ್ಲಿ ರಕ್ತ ಕಡಿಮೆಯಾಗುವುದಕ್ಕೂ ಅವರು ಕುಡಿಯುವ ಚಹಾಕ್ಕೂ ಸಂಬಂಧ ಉಂಟೇ ಎಂಬುದು ವಿಷಯ. ಊಟದ ಜೊತೆಗೇ ಚಹಾ ಕುಡಿದರೆ ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದು ಪುಸ್ತಕದಲ್ಲೇ ಇದೆ. ಆದರೆ ಪುಸ್ತಕ ಬರೆದವರು ತುಕ್ಕಾನಟ್ಟಿಗೆ ಬಂದವರಲ್ಲ.

ಅಲ್ಲಿ ಪ್ರಶ್ನಾವಳಿ ಹಿಡಿದು ನಾನು ಮನೆಯೊಂದರ ಹೊಸ್ತಿಲು ದಾಟುವಷ್ಟರಲ್ಲಿ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಬೇಡವೆಂದರೆ, "ಯಾಕ್ರಿ ಅಕ್ಕಾರ, ನಮ್ಮ ಮನಿ ಚಹಾ ನಿಮಗ ಸೇರೂದಿಲ್ಲೇನ್ರಿ?" ಎಂದು ಮುಖ ಸಣ್ಣ ಮಾಡುತ್ತಿದ್ದರು. ಬಂದವರನ್ನು ಒಬ್ಬರನ್ನೇ ಕುಡಿಯಲು ಬಿಡುವ ಪದ್ಧತಿ ಇಲ್ಲವಾದ್ದರಿಂದ ಮನೆಯವರೂ ಕುಡಿಯುತ್ತಿದ್ದರು. ಬಂದವಳು ಯಾರೆಂದು ನೋಡಲು ಬಾಜೂ ಮನೆಯವರು ಬರುತ್ತಿದ್ದರು, ಅವರಿಗೂ ಒಂದು ಕಪ್ಪು. ದಿನಕ್ಕೆ ಎಷ್ಟು ಸಲ ಚಹಾ ಕುಡಿಯುತ್ತೀರಿ ಎಂದು ನಾನು ಪೆನ್ನು ಹಿಡಿದು ಕೇಳಿದರೆ, ಗಂಗವ್ವ ಎಂಬ ಗಟ್ಟಿಗಿತ್ತಿ ಬಸಿಗೆ ಸುರಿದ ಚಹಾ ಊದುತ್ತ, "ಈಗ ನಿಮ್ಮ ಜೋಡಿ ಕುಡಿಯಾಕತ್ತಿದ್ದೂ ಹಿಡದು ಹೇಳಲೇನ್ರಿ, ಬಿಟ್ಟು ಹೇಳಲೇನ್ರಿ?" ಎಂದಳು. ಆ ಕೇರಿಯಲ್ಲಿ ಚಹಾ ಹೆಚ್ಚಾಗಿದ್ದೇ ನನ್ನ ದೆಸೆಯಿಂದ. ಅಳೆಯಲು ಹೋದವಳೇ ಅಳತೆ ಕೆಡಿಸಿ ಬಂದಿದ್ದೆ.

ಆದರೂ ಆ ದಿನಗಳು ಈಗಲೂ ಬೇಕೆನಿಸುತ್ತವೆ. ಚಹಾ ಮುಗಿಯುವವರೆಗೆ ಯಾರೂ ಸುಮ್ಮನಿರುತ್ತಿರಲಿಲ್ಲ. ಗಂಡನ ಸಿಟ್ಟು, ತವರಿನ ಸುದ್ದಿ, ಹೇಳಬಾರದ ನೋವು, ಎಲ್ಲ ಬರುತ್ತಿದ್ದವು. ನನ್ನ ಪ್ರಶ್ನಾವಳಿಯಲ್ಲಿ ಅವುಗಳಿಗೆ ಜಾಗವಿರಲಿಲ್ಲ. ಈಗ ಸ್ಟೂಲಿನ ಮೇಲೆ ಕೂತವರು ಕೈ ಚಾಚಿ ನಾಡಿ ಕೊಡುತ್ತಾರೆಯೇ ಹೊರತು ಸುದ್ದಿ ಕೊಡುವುದಿಲ್ಲ. ಹಿಂದೆ ಸರದಿಯಲ್ಲಿ ಕೂತವರ ಅವಸರ ಅವರಿಗೂ ಗೊತ್ತು, ನನಗೂ ಗೊತ್ತು.

ನನ್ನ ಯಜಮಾನರು ಸಾಲಿ ಮಾಸ್ತರರು. ಮನೆಯಲ್ಲೇ ಅಣಕು ಸಂದರ್ಶನ ಮಾಡಿ, "ಆ ಚಹಾದ ಕತಿ ಮಾತ್ರ ಹೇಳಬ್ಯಾಡ. ಮಂದಿ ನಗತಾರ, ಸೀಟು ಹೋಗತೈತಿ" ಎಂದು ತಾಕೀತು ಮಾಡಿದ್ದರು. ತಲೆಯಾಡಿಸಿ ಹೋದೆ.

ಮೂವರು ಕೂತಿದ್ದರು. ನಡುವಿನವರು ಸಂಕೇಶ್ವರದ ಕಡೆಯ ಹಿರಿಯ ವೈದ್ಯರು. ಸಂಶೋಧನೆಯ ಮಾತು ಬಂತು, ಚಹಾದ ಕತೆಯನ್ನೂ ಸೇರಿಸಿ ಒಪ್ಪಿಸಿದೆ. ಅವರಲ್ಲಿ ಕಿರಿಯರೊಬ್ಬರು ಕೇಳಿದರು: "ಅದೇ ಅಧ್ಯಯನ ಮತ್ತೆ ಮಾಡುವುದಾದರೆ ಏನು ಬದಲಾಯಿಸುತ್ತೀರಿ?" ಸರಿಯಾದ ಉತ್ತರ ನನಗೆ ಗೊತ್ತಿತ್ತು. ಮನೆಯವರು ಕೊಟ್ಟದ್ದನ್ನು ಮುಟ್ಟುವುದಿಲ್ಲ, ದೂರ ಕೂತು ಬರೆದುಕೊಳ್ಳುತ್ತೇನೆ ಎನ್ನಬೇಕು. ಅಷ್ಟು ಹೇಳಿದ್ದರೆ ಸಾಕಿತ್ತು. ಬಾಯಿಗೆ ಬಂದದ್ದೇ ಬೇರೆ.

"ಏನೂ ಬದಲ ಮಾಡೂದಿಲ್ರಿ ಸರ್. ಇನ್ನೂ ಸ್ವಲ್ಪ ಹೊತ್ತು ಕುಂದ್ರತೇನಿ."

ಕಿರಿಯರು ಏನೋ ಬರೆದುಕೊಂಡರು. ಹಿರಿಯರು ಕನ್ನಡಕ ತೆಗೆದಿಟ್ಟು, "ಸೀಟ ಸಿಗಲಿಲ್ಲ ಅಂದ್ರ ಏನ್ ಮಾಡ್ತೀರಿ ಮೇಡಂ?" ಎಂದರು.

"ದವಾಖಾನಿ ಐತಲ್ರಿ, ಮತ್ತ ಅದೇ ಕುರ್ಚಿ."

"ಸೀಟ ಇಲ್ಲಂದ್ರ ಮಂದಿ ಮನಿಗೆ ಹೋಗಬಾರದಂತ ನಿಮಗ ಯಾರ ಹೇಳ್ಯಾರ್ರಿ?"

ಆ ಪ್ರಶ್ನೆಗೆ ಯಜಮಾನರು ತಯಾರಿ ಮಾಡಿಸಿರಲಿಲ್ಲ.

ಸೀಟು ಸಿಗಲಿಲ್ಲ. ಕೆಲವು ದಿನ ಬೇಜಾರಿನಲ್ಲಿದ್ದೆ, ಯಜಮಾನರ ಮೇಲೆ ವಿನಾಕಾರಣ ಹರಿಹಾಯ್ದೆ, ರೋಗಿಗಳಿಗೆ ಬೇಕಾದ್ದಕ್ಕಿಂತ ಖಾರವಾಗಿ ಪಥ್ಯ ಹೇಳಿದೆ. ಆಮೇಲೆ ಒಂದು ಬುಧವಾರ ಮಧ್ಯಾಹ್ನ ದವಾಖಾನೆಯ ಬಾಗಿಲು ಹಾಕಿ, ಬ್ಯಾಗಿಲ್ಲದೆ, ನಾಗನೂರಿನ ಒಂದು ಓಣಿಗೆ ಹೋದೆ. ಮೊಣಕಾಲು ನೋವಿನ ನನ್ನ ಹಳೆಯ ರೋಗಿಯೊಬ್ಬಳ ಮನೆ. ಕಟ್ಟೆಯ ಮೇಲೆ ಕೂತಿದ್ದೆನಷ್ಟೇ, ಇಡೀ ಓಣಿಗೆ ಗಾಬರಿ. ಡಾಕ್ಟರು ತಾವಾಗಿ ಮನೆಗೆ ಬಂದರೆಂದರೆ ಯಾರದೋ ಕತೆ ಮುಗಿಯುತ್ತ ಬಂತೆಂದೇ ಲೆಕ್ಕ. ಹೆಂಗಸರು ಕೆಲಸ ಬಿಟ್ಟು ಓಡಿ ಬಂದರು.

"ಯಾರಿಗೆ ಏನಾಗೇತ್ರಿ ಬಾಯಾರ?"

"ನಿಮಗ್ಯಾರಿಗೂ ಏನೂ ಆಗಿಲ್ರಿ," ಎಂದೆ. "ಆಗಿದ್ದು ನನಗ. ಚಹಾ ಇಡ್ರಿ, ಕುಂತು ಮಾತಾಡೂನು."