ಶಾಮಲಾ ವೈನಿಯ ಎರಡನೇ ಪರದೆ

ನಮ್ಮ ಅಣ್ಣನ ಹೆಂಡತಿ ಶಾಮಲಾ ವೈನಿಗೆ ದೇವರ ಮೇಲೆ ನಂಬಿಕೆ ಅಷ್ಟಕ್ಕಷ್ಟೇ, ನನ್ನ ಮೇಲಂತೂ ಇಲ್ಲವೇ ಇಲ್ಲ. ಜಹೀರಾಬಾದಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಹನ್ನೊಂದು ವರ್ಷ ಟೈಪಿಂಗ್ ಕಲಿಸುತ್ತಲೇ ಕೋಡ್ ಬರೆಯುವುದನ್ನು ತಾವೇ ಕಲಿತರು. ಹೋದ ದೀಪಾವಳಿಗೆ ಆ ಕೆಲಸ ಬಿಟ್ಟು, ನ್ಯಾಲ್ಕಲ್ ಲೈನಿನ ಜೀಪುಗಳಲ್ಲಿ ಸೀಟು ಹಿಡಿಯಲು ಒಂದು ವೆಬ್ ಆಪ್ ಮಾಡಿದರು. ಕ್ಲಾಸಿನ ಮಾಲೀಕ ಸಿಕ್ಕಾಗಲೆಲ್ಲ ಹಲ್ಲು ಕಿರಿದು, ನಿಮ್ಮ ಕುರ್ಚಿ ಖಾಲಿ ಇಟ್ಟೀನಿ ಅನ್ನುತ್ತಿದ್ದ. ಅವನ ಮುಖ ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಆಪಿನ ಮೊದಲ ಪರದೆಯಲ್ಲಿ ಫೋನ್ ನಂಬರ್ ಕೊಟ್ಟು ‘ಮುಂದೆ’ ಒತ್ತಬೇಕು. ಪುಟ ಹೊಸದಾಗಿ ತೆರೆಯುವುದಿಲ್ಲ, ಕೋಡೇ ನಿಮ್ಮನ್ನು ಎರಡನೇ ಪರದೆಗೆ ದಾಟಿಸುತ್ತದೆ. ನಮ್ಮ ಕಡೆ ಮಾತು ಕನ್ನಡ, ಶಾಲೆ ತೆಲುಗು, ಕನ್ನಡ ಓದಬಲ್ಲವರು ಕಡಿಮೆ. ಅದಕ್ಕೇ ಅಲ್ಲಿ ವೈನಿ ತಮ್ಮ ದನಿಯನ್ನೇ ಇಟ್ಟಿದ್ದರು: ‘ಎಲ್ಲಿಗಿ ಹೊಂಟೀರಿ?’ ಕೆಳಗೆ ಊರುಗಳ ಪಟ್ಟಿ.

ಆಪ್ ಶುರುವಾಗಿ ಒಂದು ವಾರವಾಗಿರಲಿಲ್ಲ, ಜೀಪಿನವರ ಮುಖಂಡ ಮೊಗಲಪ್ಪ ಬಂದ.

“ನಿಮ್ಮ ಆಪ್ ಮುಂದ ಹೋಗವಲ್ದು ತಾಯಿ. ಹೋದಂಗ ಮಾಡಿ ಹಿಂದ ಬರ್ತದ. ಶುಕ್ರವಾರದ ತನಕಾ ನೋಡ್ತೀವಿ, ಆಮ್ಯಾಲ ನಾವು ಬಾಯಿಲೇ ಕೂಗಿ ಜೀಪ್ ತುಂಬತೀವಿ.”

ಯಾರು ಯಾವ ಪರದೆಯಲ್ಲಿ ಎಷ್ಟು ಹೊತ್ತಿದ್ದರೆಂದು ಆಪ್ ಬರೆದಿಟ್ಟ ದಾಖಲೆಯನ್ನು ವೈನಿ ತೆಗೆದರು. ಎಲ್ಲರದ್ದೂ ಒಂದೇ ಕಥೆ: ಎರಡನೇ ಪರದೆ, ನಾಲ್ಕು ಸೆಕೆಂಡು, ಮತ್ತೆ ಮೊದಲನೇ ಪರದೆ. ಹಿಂದೆ ಕಳಿಸಿದ್ದು ಕೋಡೋ ಜನರ ಬೆರಳೋ ಎಂದು ಅದರಲ್ಲಿ ಬರೆದಿರಲಿಲ್ಲ. ಕೋಡೇ ಕಳ್ಳ ಎಂದು ವೈನಿ ತೀರ್ಮಾನಿಸಿದರು. ನನ್ನ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಹಿಡಿದು ನಾಲ್ಕು ದಿನ ಕೂತರು, ನನ್ನ ಗಿರಾಕಿಗಳು ಹಾಳಾಗಿ ಹೋಗಲಿ ಎಂಬಂತೆ. ಲಾಗಿನ್ ಆಗದವರನ್ನು ಹಿಂದಕ್ಕೆ ಅಟ್ಟುವ ಸಾಲು ತೆಗೆದರು. ಫೋನ್ ನಂಬರ್ ಸೇವ್ ಆಗುವ ತನಕ ಆಪ್ ಕಾಯುವಂತೆ ಮಾಡಿದರು. ಕೊನೆಗೆ ಹಠಕ್ಕೆ ಬಿದ್ದು, ಹಿಂದಿನ ಪರದೆಯ ಗುರುತೇ ಉಳಿಯದಂತೆ ಬದಲಿಸಿದರು. ಆಗ ಜನ ಮೊದಲ ಪರದೆಗೂ ಬರಲಿಲ್ಲ, ಸೀದಾ ಆಪಿನ ಹೊರಗೇ ಬಿದ್ದರು! ಅಂಗಡಿಯಲ್ಲಿ ವೈನಿಯ ಕೈಯಲ್ಲಿ ಮಾತ್ರ ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು.

ಗುರುವಾರ ಬೆಳಿಗ್ಗೆ, ಕಣ್ಣಾರೆ ನೋಡೇ ಬರುತ್ತೇನೆಂದು ಚೀಲ ಹಾಕಿಕೊಂಡು ನ್ಯಾಲ್ಕಲ್‌ಗೆ ಹೊರಟರು. ನನಗೆ ಅಂಗಡಿ ಹಾಳಾದ ಸಿಟ್ಟು. ಹೊಸ್ತಿಲಲ್ಲಿ ಚಹಾ ಕುಡಿಯುತ್ತ, “ಎಲ್ಲಿಗಿ ಹೊಂಟೀರಿ ವೈನಿ?” ಅಂದೆ. ಗೊತ್ತಿದ್ದೇ ಕೇಳಿದೆ, ಸುಳ್ಳು ಯಾಕೆ ಹೇಳಲಿ.

ಒಳಗಿನಿಂದ ನಮ್ಮವ್ವ ಮಾಣಿಕಮ್ಮ ಹರಿಹಾಯ್ದಳು. “ನಿನ್ನ ಬಾಯಿಗಿ ಮಣ್ಣ ಬೀಳಲಿ. ಹೊಂಟವರಿಗಿ ಎಲ್ಲಿಗಿ ಅಂತಾರೇನು? ದೂರ ಹೊಂಟೀರೇನು ಅನಬೇಕು. ಶಾಮಲಾ, ಒಳಗ ಬಾ. ಕುಂತು ನೀರ ಕುಡದು ಹೋಗು.”

ದೇವರನ್ನೇ ಅಷ್ಟಾಗಿ ನಂಬದ ವೈನಿ ಅತ್ತೆಯ ಮಾತಿಗೆ ತೆಪ್ಪಗೆ ತಿರುಗಿ ಬಂದು ಕೂತರು. ತಂಬಿಗೆ ಎತ್ತಿದವರು ಅರ್ಧಕ್ಕೇ ನಿಲ್ಲಿಸಿದರು. ಫೋನ್ ತೆಗೆದು ಆಪಿನ ದನಿ ಕೇಳಿಸಿದರು. ಅವ್ವ ಮುಖ ತಿರುಗಿಸಿದಳು.

“ಆ ದರಿದ್ರ ಮಾತಿಗೇ ನಾ ಎರಡ್ ಸಲ ಹಿಂದ ಒತ್ತಿ ಫೋನ್ ಇಟ್ಟೀನಿ. ಸೊಸಿ ದನಿ ಅಂತ ಸುಮ್ಮನಿದ್ದೆ.”

ವೈನಿಯ ಕಣ್ಣು ತುಂಬಿತು. ನನಗೂ ಒಂಥರಾ ಆಯಿತು. ಪಾಪ, ಅವರು ಆಪನ್ನು ಪರೀಕ್ಷಿಸಿದ್ದೆಲ್ಲ ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತು. ಅವರು ಎಲ್ಲಿಗೂ ಹೊರಟಿರಲಿಲ್ಲ. ಹೊರಟವರು ನ್ಯಾಲ್ಕಲ್ ಸ್ಟ್ಯಾಂಡಿನಲ್ಲಿದ್ದರು. ಹಿಂದೆ ಒತ್ತಿ, ನೀರು ಕುಡಿದು, ಮತ್ತೆ ಶುರು ಮಾಡಿದರೆ ಆಪ್ ಮತ್ತೆ ಅದನ್ನೇ ಕೇಳುತ್ತಿತ್ತು. ಅಪಶಕುನವನ್ನು ಬಾಯಿಬಿಟ್ಟು ಹೇಳುವವರು ಯಾರು?

ಅಂದೇ ವೈನಿ ಹಿಂದಿನ ಸಾಲುಗಳನ್ನೆಲ್ಲ ಮೊದಲಿನಂತೆ ಮಾಡಿ, ದನಿ ಒಂದನ್ನೇ ಬದಲಿಸಿದರು: ‘ದೂರ ಹೊಂಟೀರೇನ್ರಿ?’ ಶುಕ್ರವಾರ ಒಂಬತ್ತು ಗಂಟೆಯೊಳಗೆ ಆರು ಜೀಪು ತುಂಬಿದವು. ತಪ್ಪು ಎಲ್ಲಿತ್ತು ಎಂದು ಮೊಗಲಪ್ಪ ಕೇಳಿದಾಗ, ಕೋಡಿನದಲ್ಲ, ತಮ್ಮದೇ ಎಂದರು ವೈನಿ. ಹೊಸ್ತಿಲಲ್ಲಿ ಕೇಳಿ ಅದನ್ನು ಹಿಡಿಸಿಕೊಟ್ಟ ನನ್ನ ಹೆಸರು ಮಾತ್ರ ಎತ್ತಲಿಲ್ಲ.

ಸೋಮವಾರ ಮತ್ತೆ ಚೀಲ ಹಾಕಿಕೊಂಡು ಹೊಸ್ತಿಲಿಗೆ ಬಂದರು. ನಾನು ಬಾಯಿ ತೆರೆದವನು ತಡೆದುಕೊಂಡೆ.

“ದೂರ ಹೊಂಟೀರೇನ್ರಿ ವೈನಿ?”

“ತಾಂಡೂರಿಗಿ. ಅಲ್ಲಿ ಜೀಪಿನವ್ರೂ ಕರದಾರ,” ಎಂದು ಚಪ್ಪಲಿ ಮೆಟ್ಟಿದರು. “ಆ ಕ್ಲಾಸಿನವ್ರು ಸಿಕ್ರ, ಕುರ್ಚಿ ಬ್ಯಾರೇವ್ರಿಗಿ ಕೊಡ್ರಿ ಅಂತ ಹೇಳು.”