ಶೈಲಜಾಳ ಪ್ರಶ್ನೆಗಳು

ಮೊದಲು ಕಾಲು ಊದಿತು. ಸಂಜೆ ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಹಾಗೇ ಉಳಿಯುತ್ತಿತ್ತು. ಗುಬ್ಬಿಯ ಹೈಸ್ಕೂಲಿನಲ್ಲಿ ದಿನವಿಡೀ ನಿಂತು ಗಣಿತ ಹೇಳಿಕೊಡುವವಳು ನಾನು. ನಿಂತಿದ್ದಕ್ಕೇ ಇರಬೇಕು ಅಂದುಕೊಂಡೆ. ತುಮಕೂರಿನ ಡಾಕ್ಟರು ಬ್ಲಡ್ ರಿಪೋರ್ಟನ್ನು ಎರಡು ಸಲ ಓದಿದರು.

ಎರಡೂ ಕಿಡ್ನಿ ಹೋಗಿದ್ದವು.

ಅಲ್ಲಿಂದ ಮಂಗಳವಾರ, ಶುಕ್ರವಾರ ತುಮಕೂರಿನಲ್ಲಿ ಡಯಾಲಿಸಿಸ್. ನಾಲ್ಕು ಗಂಟೆ ಮಲಗಿರಬೇಕು. ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಫೋನು. ಹಾಗೆ ಮಲಗಿದ್ದಾಗಲೇ ಫೇಸ್‌ಬುಕ್ಕಿನಲ್ಲಿ ನಮ್ಮ ಬಿಎಸ್ಸಿ ಬ್ಯಾಚಿನ ಗ್ರೂಪು ಕಂಡಿದ್ದು. ಇಪ್ಪತ್ತೈದು ವರ್ಷದ ಮೇಲೆ ಆ ಮುಖಗಳು. ಯಾರೋ ನನ್ನ ಕಾಯಿಲೆಯ ಸುದ್ದಿ ಹಾಕಿದರು. ಎರಡು ದಿನ ಕೈಮುಗಿಯುವ ಚಿತ್ರಗಳು ಬಂದವು. ಆಮೇಲೆ ಎಲ್ಲರೂ ಹುಟ್ಟುಹಬ್ಬಗಳಿಗೆ ಮರಳಿದರು.

ಶೈಲಜಾ ಮಾತ್ರ ಬಿಡಲಿಲ್ಲ. ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಮದುವೆಯಾಗಿ ಕುಣಿಗಲ್ ಸೇರಿದ ಮೇಲೆ ಒಂದು ಕಾಗದವನ್ನೂ ಬರೆಯದವಳು ಈಗ ದಿನಾ ಮೆಸೇಜು ಮಾಡುತ್ತಿದ್ದಳು. ಮಕ್ಕಳೆಷ್ಟು, ಮನೆಯವರು ಹೇಗಿದ್ದಾರೆ ಎಂದು ಕೇಳಲಿಲ್ಲ. ಯಾವ ಆಸ್ಪತ್ರೆ, ಯಾವ ದಿನ? ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದ್ದಾಗ ಡಯಾಲಿಸಿಸ್ ಶುರು ಮಾಡಿದರು? ಒಂದು ಸಲ ಶುರುವಾದರೆ ನಿಲ್ಲಿಸೋಕಾಗಲ್ವಂತೆ, ನಿಜವಾ? ಮೊದಮೊದಲು ಎಲ್ಲವನ್ನೂ ಬರೆದೆ.

ನನ್ನ ಯಜಮಾನರು ಓದಿ ನೋಡಿದರು. "ಯಾವ್ದೋ ಪೌಡ್ರು ಮಾರೋಳು ಕಣೇ. ಜಾಸ್ತಿ ಹೇಳ್ಬೇಡ."

ನನಗೂ ಹಾಗೇ ಅನ್ನಿಸತೊಡಗಿತು. ಪ್ರೊಫೈಲಿನಲ್ಲಿ ಅವಳ ಮುಖ ಇರಲಿಲ್ಲ, ದಾಸವಾಳದ ಹೂವಿತ್ತು. ಅವಳ ಹೆಸರಿನಲ್ಲಿ ಬೇರೆ ಯಾರಾದರೂ ಇದ್ದರೆ? ನಮ್ಮ ರೂಮಿನ ಕಿಟಕಿಯಿಂದ ಏನು ಕಾಣುತ್ತಿತ್ತು ಹೇಳು ಎಂದೆ. ನೆನಪಿಲ್ಲ ಎಂದಳು. ವಿಡಿಯೋ ಕಾಲ್ ಮಾಡಿದರೆ ಕಟ್ ಮಾಡಿದಳು. ಅವತ್ತಿನಿಂದ ಉತ್ತರ ಕೊಡುವುದು ನಿಲ್ಲಿಸಿದೆ. ಔಷಧಿ ಹೇಳುವವರು, ಮರುಕ ತೋರಿಸಿ ಊರಿಗೆಲ್ಲ ಸುದ್ದಿ ಹಂಚುವವರು ಅಷ್ಟು ಜನ ಬಂದು ಹೋಗಿದ್ದರು. ಯಾರಾದರೂ ಹತ್ತಿರ ಬಂದರೆ ಇವರಿಗೆ ನನ್ನಿಂದ ಏನು ಬೇಕು ಎಂದು ಯೋಚಿಸುವುದು ಅಭ್ಯಾಸವಾಗಿಬಿಟ್ಟಿತ್ತು.

ಮುಂದಿನ ಶುಕ್ರವಾರ ಡಯಾಲಿಸಿಸ್ ಮುಗಿಸಿ ಹೊರಗೆ ಬಂದಾಗ ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಎದ್ದು ನಿಂತಳು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. "ನಾನೇ ಕಣೇ, ಶೈಲು" ಅಂದ ಮೇಲೂ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಬ್ಯಾಗಿನಿಂದ ಮಡಿಸಿದ ರಿಪೋರ್ಟು ತೆಗೆದು ಕೊಟ್ಟಳು.

ಅವಳ ಕಿಡ್ನಿಯೂ ಹೋಗಿತ್ತು; ಕ್ರಿಯಾಟಿನಿನ್ ನನ್ನದಕ್ಕಿಂತ ಜಾಸ್ತಿ ಇತ್ತು.

ನಾಲ್ಕು ತಿಂಗಳಿಂದ ಯಾರೋ ಕೊಟ್ಟ ಕಷಾಯ ಕುಡಿಯುತ್ತಿದ್ದಳಂತೆ. ಮಗಳಿಗೆ ಸಂಬಂಧ ಕುದುರಿತ್ತು. ವಂಶದ ಕಾಯಿಲೆ ಎಂದು ಗಂಡಿನವರು ಹಿಂದೆ ಸರಿದಾರೆಂಬ ಭಯಕ್ಕೆ ಗಂಡನಿಗೂ ಹೇಳಿರಲಿಲ್ಲ. "ಲಗ್ನ ಮುಗೀಲಿ, ಆಮೇಲೆ ಶುರು ಮಾಡಿಸ್ಕೋತೀನಿ. ಅಲ್ಲೀವರ್ಗೂ ಇರ್ತೀನಾ, ಅದೊಂದು ಹೇಳು" ಅಂದಳು.

ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅಲ್ಲೇ ಟೆಸ್ಟ್ ಮಾಡಿಸಿದರು. ಪೊಟ್ಯಾಸಿಯಂ ಏರಿತ್ತು; ಇವತ್ತೇ ಅಡ್ಮಿಟ್ ಆಗದಿದ್ದರೆ ಹೃದಯ ನಿಂತುಹೋಗಬಹುದು ಎಂದರು. ಅವಳು ಬೇಡ ಬೇಡ ಎನ್ನುತ್ತಿದ್ದರೂ ಅವಳ ಫೋನಿನಿಂದಲೇ ಗಂಡನಿಗೆ ವಿಷಯ ಹೇಳಿದೆ. ಅದಕ್ಕೆ ಶೈಲಜಾ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಈಗ ಅವಳೂ ನನ್ನ ಶಿಫ್ಟಿಗೇ ಬರುತ್ತಾಳೆ, ಪಕ್ಕದ ಬೆಡ್ಡು. ಗಂಡಿನವರು ಹುಡುಗಿಗೂ ಟೆಸ್ಟ್ ಮಾಡಿಸಿ ಎಂದರು. ರಿಪೋರ್ಟು ಸರಿಯಾಗೇ ಬಂತು. ಆದರೂ ಅವರು ಇನ್ನೂ ಏನೂ ಹೇಳಿಲ್ಲ.

ಕಳೆದ ಮಂಗಳವಾರ ಕೇಳಿಯೇಬಿಟ್ಟೆ. "ನಾನು ಚೆನ್ನಾಗಿದ್ದಿದ್ರೆ ನನ್ನ ಹುಡುಕ್ತಿದ್ಯೇನೇ?"

ಅವಳು ಮೆಷಿನ್ನಿನ ಕಡೆ ತಿರುಗಿದಳು. "ಇಲ್ಲ ಅನ್ಸುತ್ತೆ ಕಣೇ."

ಬೇಸರವಾಗಲಿಲ್ಲ. ಕಾಯಿಲೆ ಬಿದ್ದ ಮೇಲೆ ನನಗೆ ಯಾರೂ ಇಷ್ಟು ನಂಬುವಂಥ ಮಾತು ಹೇಳಿರಲಿಲ್ಲ. ಶುಕ್ರವಾರ ಉಪ್ಪು ಹಾಕದೆ ಇಡ್ಲಿ ಮಾಡಿ, ಇಬ್ಬರಿಗಾಗುವಷ್ಟು ಕಟ್ಟಿಕೊಂಡು ಹೋದೆ.