ಇಪ್ಪತ್ತೆರಡು ಪಾವಟಿಗೆ

ನಮ್ಮ ಕಾಲೇಜಿನ ಮಹಡಿಗೆ ಇಪ್ಪತ್ತೆರಡು ಪಾವಟಿಗೆಗಳಿದ್ದವು. ಹನ್ನೊಂದು ಹತ್ತಿದ ಮೇಲೆ ಒಂದು ತಿರುವು, ಅಲ್ಲೊಂದು ಕಿಟಕಿ, ಮತ್ತೆ ಹನ್ನೊಂದು. ಕೈಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅಲ್ಲಿ ಓದಿದ್ದರಲ್ಲಿ ಬಹಳಷ್ಟು ಮರೆತಿದ್ದೇನೆ, ಈ ಎಣಿಕೆ ಮರೆತಿಲ್ಲ. ಗೆಳತಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ಆರೇಳು ತಿಂಗಳು ಅವನ್ನು ಹತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ಅವಳು ಮೊರಬದವಳು. ತಂದೆ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದರು. ಮೂರು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು. ಪೋಲಿಯೋ ಎಂದು ತಿಳಿದದ್ದು ಆಮೇಲೆ. ನಡೆಯುವಾಗ ಎಡಗೈಯನ್ನು ತೊಡೆಯ ಮೇಲೆ ಊರಿ, ಆ ಕಾಲನ್ನು ಮುಂದಕ್ಕೆ ತಳ್ಳಿ, ಮೈಯನ್ನು ಬಲಕ್ಕೆ ವಾಲಿಸುತ್ತಿದ್ದಳು. ಸಪಾಟು ನೆಲದಲ್ಲಿ ಅವಳಿಗೆ ಯಾರ ಕೈಯೂ ಬೇಕಿರಲಿಲ್ಲ. ಬೆಳಿಗ್ಗೆ ತಂದೆ ಬಸ್ಸಿಗೆ ಹತ್ತಿಸುತ್ತಿದ್ದರು, ನಮ್ಮೂರಲ್ಲಿ ಕಂಡಕ್ಟರ್ ಇಳಿಸುತ್ತಿದ್ದ. ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ತಾನೇ ನಡೆದು ಬರುತ್ತಿದ್ದಳು. ಮಳೆಗಾಲದಲ್ಲಿ ಎರಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲಾಗದಷ್ಟು ಭಾರವಾಗುತ್ತಿತ್ತು. ಆಗ ದಾರಿಯಲ್ಲಿ ಎರಡು ಕಡೆ ನಿಂತು ಕಡ್ಡಿಯಿಂದ ಕೆರೆದುಕೊಂಡು ಮುಂದೆ ಬರುತ್ತಿದ್ದಳು. ಆದರೂ ನಮಗಿಂತ ಮೊದಲೇ ಬಂದಿರುತ್ತಿದ್ದಳು. ಬಿ.ಎ. ಮುಗಿಸಿ, ಟೀಚರ್ ಟ್ರೇನಿಂಗ್ ಮಾಡಿ, ತಮ್ಮೂರ ಸಾಲೆಯಲ್ಲೇ ಮಾಸ್ತರಿಣಿ ಆಗಬೇಕೆಂಬುದು ಅವಳ ಒಂದೇ ಮಾತು.

ಪಿ.ಯು.ಸಿ. ಎರಡು ವರ್ಷ ಕೆಳಗಿನ ತಗಡಿನ ಖೋಲಿಗಳಲ್ಲಿ ಕಳೆಯಿತು. ಬಿ.ಎ.ಗೆ ಬಂದ ಕೂಡಲೇ ಕ್ಲಾಸು ಮಹಡಿಗೆ ಹೋಯಿತು. ಮೊದಲ ದಿನ ಅವಳು ಪಾವಟಿಗೆಗಳ ಬುಡದಲ್ಲಿ ಮೇಲೆ ನೋಡುತ್ತ ನಿಂತಿದ್ದಳು. ನಾನು ಪುಸ್ತಕಗಳನ್ನು ಪಕ್ಕದವಳ ಕೈಗೆ ಕೊಟ್ಟು ಬೆನ್ನು ಬಾಗಿಸಿದೆ.

“ಕೂಸುಮರಿ ಏರಬೇ,” ಎಂದೆ.

“ಹುಚ್ಚಿ, ಇಬ್ರೂ ಬಿದ್ರ ಹಲ್ಲ ಹೋಗ್ತಾವ.”

“ಹೋದ್ರ ಹೋಗ್ಲಿ. ನಿನ್ನ ಹಲ್ಲ ಹೆಂಗಿದ್ರೂ ಮುಂದ ಬಂದಾವ.”

ನಕ್ಕು ಕೊರಳಿಗೆ ಕೈ ಹಾಕಿದಳು. ಸಣ್ಣ ಮಕ್ಕಳನ್ನು ಬೆನ್ನಿಗೆ ಹೊತ್ತು ಅಂಗಳದಲ್ಲಿ ಆಡಿಸುತ್ತೇವಲ್ಲ, ಹಾಗೆಯೇ ಹೊತ್ತೆ. ಕಿಟಕಿಯ ಹತ್ತಿರ ಒಮ್ಮೆ ಉಸಿರು ಬಿಟ್ಟು, ಮತ್ತೆ ಹತ್ತಿದೆ. ಅಂದಿನಿಂದ ಅದೇ ರೂಢಿಯಾಯಿತು. ಹತ್ತಿಸುವುದು ನನ್ನ ಪಾಳಿ, ಸಂಜೆ ಇಳಿಸುವುದು ಅಣ್ಣಿಗೇರಿ ಕಡೆಯ ಇನ್ನೊಬ್ಬ ಗೆಳತಿಯ ಪಾಳಿ. ಅವಳು ಗಟ್ಟಿ ಮೈಕಟ್ಟಿನ ಹುಡುಗಿ. ಮಾವನ ಮನೆಯಲ್ಲಿದ್ದು ಓದುತ್ತಿದ್ದಳು.

ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದದ್ದು ಮೇಲೆಯೇ. ಅವಳ ಬುತ್ತಿಯಲ್ಲಿ ಎರಡು ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಒಮ್ಮೊಮ್ಮೆ ಪುಂಡಿಪಲ್ಯ. ನನ್ನದನ್ನು ಅವಳಿಗೆ ಹಾಕಿ ಅವಳದನ್ನು ನಾನು ತಿನ್ನುತ್ತಿದ್ದೆ. ಚಟ್ನಿ ಖಾರ ಹತ್ತಿ ನಾವೆಲ್ಲ ತಂಬಿಗೆ ಎತ್ತಿ ನೀರು ಸುರಿದುಕೊಂಡರೂ ಅವಳು ಮುಟ್ಟುತ್ತಿರಲಿಲ್ಲ.

“ನೀರ ಕುಡೀಬೇ, ಕಣ್ಣಾಗ ನೀರ ಬಂದಾವ.”

“ಮನ್ಯಾಗ ಕುಡದ ಬಂದೇನಿ.”

ಮನೆಯಲ್ಲಿ ಕುಡಿದ ನೀರು ಸಂಜೆಯವರೆಗೆ ಹೇಗೆ ಸಾಲುತ್ತದೆ ಎಂದು ನಾನು ಕೇಳಲಿಲ್ಲ. ಪಾಯಖಾನೆ ಇದ್ದದ್ದು ಕೆಳಗೆ, ಕಟ್ಟಡದ ಹಿಂದೆ. ನೀರು ಕುಡಿದರೆ ಇಳಿಯಬೇಕು, ಇಳಿಯಬೇಕಾದರೆ ನಮ್ಮನ್ನು ಕೇಳಬೇಕು. ದಿನಾಲೂ ಅವಳನ್ನು ಹೊರುತ್ತಿದ್ದ ನನಗೆ ಇಷ್ಟು ಹೊಳೆಯಲಿಲ್ಲ.

ದೀಪಾವಳಿ ಸೂಟಿ ಮುಗಿದ ಮೇಲೆ ಒಂದು ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ನಾನು ಹುಡುಗಿಯರ ಪ್ರತಿನಿಧಿ. ಅವರು ಕೆಟ್ಟ ಮನುಷ್ಯರಲ್ಲ. ಫೀ ಕಟ್ಟಲಾಗದವರಿಗೆ ಗಡುವು ಕೊಡುತ್ತಿದ್ದರು, ಗಂಟೆ ಹೊಡೆಯುವ ಸಿಪಾಯಿಯನ್ನೂ ಬಹುವಚನದಲ್ಲಿ ಮಾತನಾಡಿಸುತ್ತಿದ್ದರು. ಮೇಜಿನ ಮೇಲೆ ಒಂದು ಅರ್ಜಿ ಇತ್ತು. ದುಂಡು ಅಕ್ಷರ ನೋಡಿದ ಕೂಡಲೇ ಅವಳದೆಂದು ಗೊತ್ತಾಯಿತು. ಅವಳು ಬಾಗಿಲ ಹೊರಗೆ ಗೋಡೆಗೆ ಆತು ನಿಂತಿದ್ದಳು.

“ಈ ಹುಡುಗಿ ನಿಮ್ಮ ಕ್ಲಾಸ್ ಕೆಳಗ ತರ್ರಿ ಅಂತ ಬರದಾಳವಾ,” ಎಂದರು. “ಕೆಳಗ ಕ್ಲಾಸ್ ಇಲ್ಲದ್ದು ಜಿಮಖಾನಾ ಖೋಲಿ ಒಂದ. ಅದರಾಗಿನ ಸಾಮಾನೆಲ್ಲ ತಗೀಬೇಕು, ಮ್ಯಾಲಿನ ಬೆಂಚ್ ಇಳಸಬೇಕು. ಏನಿಲ್ಲಂದ್ರೂ ತಿಂಗಳ ಹಿಡಿತೈತಿ. ನೀ ಏನಂತಿ?”

ಜಿಮಖಾನಾ ಖೋಲಿಯಲ್ಲಿ ಇದ್ದದ್ದು ಎರಡು ಕೇರಂ ಬೋರ್ಡು, ಹರಿದ ವಾಲಿಬಾಲ್ ನೆಟ್ಟು, ಒಂದು ಕಬ್ಬಿಣದ ಗುಂಡು. ಅದು ನನಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ನನ್ನ ಮನಸ್ಸಿಗೆ ಬಂದದ್ದು ಬೇರೆ. ನಾವು ಇಷ್ಟು ಅಕ್ಕರೆಯಿಂದ ಹೊರುತ್ತಿರುವಾಗ, ನಮಗೆ ಒಂದು ಮಾತೂ ಹೇಳದೆ ಇವಳು ಅರ್ಜಿ ಬರೆದಳಲ್ಲ ಎಂದು ಮುಖ ಬಿಸಿಯಾಯಿತು.

“ಬ್ಯಾಡ್ರಿ ಸರ್,” ಎಂದೆ. “ನಾವ ಅದೀವಲ್ರಿ. ಮೂರೂ ವರ್ಷ ನಾವ ಹೊರ್ತೀವಿ.”

ಅವರ ಮುಖ ಅರಳಿತು. “ಇದಪಾ ಗೆಳೆತನ ಅಂದ್ರ,” ಎಂದು ಅರ್ಜಿಯನ್ನು ಮಡಚಿ ಫೈಲಿನಲ್ಲಿಟ್ಟರು.

ಹೊರಗೆ ಬಂದಾಗ ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಇಬ್ಬರೂ ಪಾವಟಿಗೆಗಳತ್ತ ನಡೆದೆವು.

“ನನ್ನ ಒಂದ ಮಾತ ಕೇಳಬೇಕಾಗಿತ್ತಲೇ,” ಎಂದಳು.

“ಏನ ಕೇಳೂದದ? ನನಗೇನ ತ್ರಾಸಿಲ್ಲ. ನೀ ಹತ್ತಿ ಗಂಟಿಗಿಂತ ಹಗರ ಅದೀ.”

“ನಿನಗ ತ್ರಾಸಿಲ್ಲ, ಖರೆ,” ಎಂದಳು. ಅಷ್ಟೇ. ಪಾವಟಿಗೆ ಬಂದಿತು, ನಾನು ಬಾಗಿದೆ, ಅವಳು ಏರಿದಳು.

ಆ ವರ್ಷ ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಪ್ರಿನ್ಸಿಪಾಲರು ನಮ್ಮ ಗೆಳೆತನದ ಬಗ್ಗೆ ಮಾತನಾಡಿದರು. ನನ್ನನ್ನು ವೇದಿಕೆಗೆ ಕರೆದು ಒಂದು ಸ್ಟೀಲ್ ಡಬ್ಬಿ ಬಹುಮಾನ ಕೊಟ್ಟರು. ಅವಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಎಲ್ಲರೂ ತಿರುಗಿ ಅವಳ ಕಾಲು ನೋಡಿದರು. ಅವಳೂ ಚಪ್ಪಾಳೆ ತಟ್ಟಿದಳು. ನನಗೆ ಕಂಡದ್ದು ಚಪ್ಪಾಳೆ ಮಾತ್ರ.

ಸಂಕ್ರಾಂತಿ ಕಳೆದ ಮೇಲೆ ಕುಂದಗೋಳದಲ್ಲಿದ್ದ ನನ್ನ ಅಕ್ಕನ ಬಾಣಂತನಕ್ಕೆ ಹೋಗಬೇಕಾಯಿತು. ಹದಿನೈದು ದಿನ. ಅಣ್ಣಿಗೇರಿಯ ಗೆಳತಿಗೆ ಹತ್ತಿಸುವುದನ್ನೂ ನೀನೇ ನೋಡಿಕೋ ಎಂದು ಹೇಳಿ ಹೋದೆ. ಅವಳು ಮೂರು ದಿನ ನೋಡಿಕೊಂಡಳು. ನಾಲ್ಕನೆಯ ದಿನ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಮಾವ ಕಾಲೇಜಿಗೆ ಕಳಿಸಲಿಲ್ಲ.

ಅಂದು ಏನಾಯಿತೆಂದು ಸಿಪಾಯಿ ಕಾಕಾ ನನಗೆ ಆಮೇಲೆ ಹೇಳಿದರು. ಮೊರಬದ ಹುಡುಗಿ ಪಾವಟಿಗೆಯ ಬುಡದಲ್ಲಿ ಗಂಟೆ ಹೊಡೆಯುವವರೆಗೆ ಕಾಯ್ದಿದ್ದಾಳೆ. ಆಮೇಲೆ ಕೂತುಕೊಂಡು, ಹಿಂದಕ್ಕೆ ಕೈ ಊರಿ, ಒಂದೊಂದೇ ಪಾವಟಿಗೆ ಏರಿದ್ದಾಳೆ. ಹುಡುಗರು ಯಾರೂ ನಗಲಿಲ್ಲವಂತೆ. ಗೋಡೆಗೆ ಒತ್ತಿ ನಿಂತು, ಅವಳು ದಾಟುವವರೆಗೆ ಸುಮ್ಮನೆ ನೋಡಿದರಂತೆ. ಸಂಜೆ ಕ್ಲಾಸು ಬಿಟ್ಟಾಗ ಅವರೆಲ್ಲ ಪಾವಟಿಗೆಗಳ ಕೆಳಗೇ ಮಾತಾಡುತ್ತ ನಿಂತಿದ್ದರು. ಲಂಗ ಸರಿಪಡಿಸಿಕೊಳ್ಳುತ್ತ ಅವರ ಕಣ್ಣ ಮುಂದೆ ಕೂತು ಇಳಿಯುವುದು ಅವಳಿಂದ ಆಗಲಿಲ್ಲ. ಎಲ್ಲರೂ ಹೋಗಲಿ ಎಂದು ಕ್ಲಾಸಿನಲ್ಲೇ ಕೂತಳು.

“ಕೀಲಿ ಹಾಕಾಕ ಹೋದ್ರ ಬೆಂಚಿನ ಮ್ಯಾಲ ತಲಿ ಇಟ್ಟು ಬಿದ್ದಿತ್ತವಾ ಕೂಸು,” ಎಂದರು ಕಾಕಾ. “ಚಕ್ಕರ ಬಂದಿತ್ತು. ಬಟ್ಟಿ ತೊಯ್ದಿತ್ತು. ಮುಂಜಾನಿಂದ ಹನಿ ನೀರ ಕುಡದಿಲ್ಲಾ ಅಂತು. ನಾನ ಹೊತಗೊಂಡ ಇಳಿಸಿದೆ. ಅವರಪ್ಪ ಟ್ರ್ಯಾಕ್ಟರ್ ತಗೊಂಡ ಹುಡಿಕ್ಕೋತ ಬಂದಿದ್ರು. ಅದರಾಗ ಕುಂಡ್ರಿಸಿ ಕರಕೊಂಡ ಹೋದ್ರು.”

ಮರುದಿನದಿಂದ ಅವಳು ಬರಲಿಲ್ಲ. ಕುಂದಗೋಳದಿಂದ ತಿರುಗಿ ಬಂದ ಮೇಲೆ ಎರಡು ಪತ್ರ ಬರೆದೆ, ಉತ್ತರವಿಲ್ಲ. ಪರೀಕ್ಷೆಯ ಫಾರ್ಮ್ ತುಂಬುವ ದಿನವೂ ಕಳೆದುಹೋಯಿತು.

ಮುಂದಿನ ಶ್ರಾವಣದಲ್ಲಿ ಮಳೆ ಜೋರಾಯಿತು. ಬಿ.ಎ. ಮೊದಲ ವರ್ಷದ ಕ್ಲಾಸು ನಡೆಯುತ್ತಿದ್ದ ಆ ಮಹಡಿಯ ಖೋಲಿ ಸೋರಿತು. ಹುಡುಗರ ಪುಸ್ತಕ ತೊಯ್ದವು. ಪ್ರಿನ್ಸಿಪಾಲರು ಬಂದು ನೋಡಿ, ಜಿಮಖಾನಾ ಖೋಲಿ ತೆರವು ಮಾಡಿಸಿ ಎಂದರು. ಕೇರಂ ಬೋರ್ಡುಗಳು ಸ್ಟಾಫ್ ರೂಮಿಗೆ ಹೋದವು. ಹುಡುಗರು ಸಾಲಾಗಿ ನಿಂತು ಬೆಂಚುಗಳನ್ನು ಕೈಯಿಂದ ಕೈಗೆ ದಾಟಿಸಿ ಇಳಿಸಿದರು. ನಾನು ವರಾಂಡದಲ್ಲಿ ನಿಂತು ನೋಡುತ್ತಿದ್ದೆ. ಮೂರನೆಯ ಗಂಟೆಗೆ ಶುರುವಾದದ್ದು ನಾಲ್ಕನೆಯ ಗಂಟೆಗೆ ಮುಗಿದು, ಪಾಠವೂ ಮೊದಲಾಯಿತು.

ಮರುದಿನ ಬಸ್ಸು ಹಿಡಿದು ಮೊರಬಕ್ಕೆ ಹೋದೆ. ಅವಳು ಪಡಸಾಲೆಯಲ್ಲಿ ಕೈಯಿಂದ ತಿರುವುವ ಹೊಲಿಗೆ ಮಷೀನಿನ ಮುಂದೆ ಕೂತು ಜಂಪರು ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಮೊದಲು ನೀರು ತರಿಸಿದಳು. ತಾನೂ ಒಂದು ತಂಬಿಗೆ ಗಟಗಟ ಕುಡಿದಳು. ಕ್ಲಾಸು ಮಹಡಿಗೆ ಹೋದಂದಿನಿಂದ ಅವಳು ನೀರು ಕುಡಿಯುವುದನ್ನು ನಾನು ನೋಡಿದ್ದು ಅದೇ ಮೊದಲು.

“ಫಸ್ಟ್ ಇಯರ್ ಕ್ಲಾಸ್ ಕೆಳಗ ಬಂದೈತಿ,” ಎಂದೆ. “ಪ್ರಿನ್ಸಿಪಾಲರನ್ನ ನಾ ಕೇಳ್ತೀನಿ. ಮತ್ತ ಹೆಸರ ಹಚ್ಚೂಣು ಬಾ.”

ಮಷೀನು ನಿಂತಿತು. “ಯಾಕ ಇಳಿಸಿದ್ರು?”

“ಮ್ಯಾಲ ಸೋರಾಕತ್ತಿತ್ತು.”

“ಎಷ್ಟ ದಿನ ಹಿಡೀತು?”

ಸುಳ್ಳು ಹೇಳಬೇಕೆನಿಸಿತು. “ಒಂದ ತಾಸು,” ಎಂದೆ.

ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಹೊಲಿಗೆಯನ್ನು ಎಳೆದು ನೋಡಿದಳು. “ತೇಪಿ ಹಾಕಿದ ಮ್ಯಾಲ ಮತ್ತ ಏರಿಸ್ತಾರ,” ಎಂದಳು. ಸಿಟ್ಟಿರಲಿಲ್ಲ. “ಆವಾಗ ನೀ ಬ್ಯಾರೆ ಕ್ಲಾಸಿನ್ಯಾಗ ಇರ್ತೀ. ನೀ ಹೊತ್ತಿದ್ದು ಸುಳ್ಳಲ್ಲಲೇ. ಆದ್ರ ಅರ್ಜಿ ನನ್ನದಿತ್ತು.”

ಅವಳ ಅವ್ವ ಚಹಾ ತಂದರು, ಮಗಳ ಲಗ್ನ ಗೊತ್ತಾದದ್ದನ್ನು ಹೇಳಿದರು. ಗೆಳತಿ ಹೇಳಿದಂತೆಯೇ ಆ ಕ್ಲಾಸು ದೀಪಾವಳಿ ಸೂಟಿಯ ನಂತರ ಮೇಲೆ ಹೋಯಿತು, ಕೇರಂ ಬೋರ್ಡುಗಳು ಜಿಮಖಾನಾ ಖೋಲಿಗೆ ಮರಳಿದವು.

ಅಂದು ಹೊರಟಾಗ ಬಸ್ಸಿನವರೆಗೆ ಬರುತ್ತೇನೆ ಎಂದಳು. ಬೇಡ ಎನ್ನಲು ಬಾಯಿ ತೆರೆದೆ, ಮುಚ್ಚಿದೆ. ಮಳೆ ನಿಂತಿತ್ತು, ಸಡಕು ಸಪಾಟಾಗಿತ್ತು. ಅವಳು ತೊಡೆಯ ಮೇಲೆ ಕೈ ಊರಿ ತನ್ನ ಹದದಲ್ಲಿ ನಡೆದಳು. ನಾನು ಅದೇ ಹದಕ್ಕೆ ನನ್ನ ಹೆಜ್ಜೆ ಸಣ್ಣದು ಮಾಡಿಕೊಂಡು ಬಾಜೂಕ್ಕೆ ನಡೆದೆ. ಮನೆಯಿಂದ ಬಸ್ ನಿಲ್ಲುವಲ್ಲಿಯವರೆಗೆ ಅವಳು ಎಲ್ಲಿಯೂ ನಿಲ್ಲಲಿಲ್ಲ.